ಮರಗಳ ನಡುವೆ ಡಿಸ್ಕ್ ಗಾಲ್ಫ್: ಕಾಡಿನ ಕೋರ್ಸ್ ಆಡುವ ಕ್ರಮ

ಬಯಲು ಪಾರ್ಕುಗಳಲ್ಲಿ ಡಿಸ್ಕ್ ಗಾಲ್ಫ್ ಕಲಿತವರು ಮೊದಲ ಸಲ ಕಾಡಿನ ಕೋರ್ಸಿಗೆ ಹೋದಾಗ ಎಂದಿಗಿಂತ ಹತ್ತು ಹದಿನೈದು ಎಸೆತ ಹೆಚ್ಚು ಬಳಸಿ, ಒಂದೆರಡು ಡಿಸ್ಕುಗಳನ್ನು ಪೊದೆಗಳಿಗೆ ಒಪ್ಪಿಸಿ, ಇದೆಲ್ಲ ಅದೃಷ್ಟದ ಆಟವೆಂದು ಗೊಣಗುತ್ತ ಹಿಂದಿರುಗುವುದು ಸಾಮಾನ್ಯ. ಮರಕ್ಕೆ ಬಡಿದ ಡಿಸ್ಕ್ ಯಾವ ಕಡೆಗೆ ಸಿಡಿಯುತ್ತದೆ ಎಂಬುದರಲ್ಲಿ ಅದೃಷ್ಟದ ಪಾಲಿದೆ, ನಿಜ. ಆದರೆ ಅಮೆರಿಕದ ಐಸಾಕ್ ರಾಬಿನ್ಸನ್ 2023ರಲ್ಲಿ ವರ್ಮಾಂಟ್ ರಾಜ್ಯದ ಜೆಫರ್ಸನ್‌ವಿಲ್‌ನಲ್ಲಿ ವಿಶ್ವ ಚಾಂಪಿಯನ್ ಆಗಿ, ಮರುವರ್ಷ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ ಅದೇ ಪಟ್ಟವನ್ನು ಉಳಿಸಿಕೊಂಡದ್ದು ಬರಿಯ ಅದೃಷ್ಟದಿಂದ ಆಗುವ ಕೆಲಸವಲ್ಲ. ಮರಗಳ ನಡುವೆ ಚೆನ್ನಾಗಿ ಆಡುವವರು ನಮಗಿಂತ ದೂರ ಎಸೆಯುವುದರಿಂದ ಗೆಲ್ಲುವುದಿಲ್ಲ. ಡಿಸ್ಕ್ ಕೈ ಬಿಟ್ಟ ಮೊದಲ 20 ಮೀಟರಿನಲ್ಲಿ ಅದು ಎಲ್ಲಿರಬೇಕೋ ಅಲ್ಲಿರುವಂತೆ ನೋಡಿಕೊಳ್ಳುವುದರಿಂದ ಗೆಲ್ಲುತ್ತಾರೆ. ಈ ಬರಹದ ಸಲಹೆಗಳೆಲ್ಲ ಆ ಒಂದು ಮಾತಿನ ಸುತ್ತಲೇ ಇವೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು ಹೇಳುವುದಾದರೆ, ಇದು ಚೆಂಡು ಮತ್ತು ಕೋಲಿನ ಬದಲು ತಟ್ಟೆಯಂಥ ಡಿಸ್ಕ್ ಎಸೆದು ಆಡುವ ಗಾಲ್ಫ್. ಟೀ ಪ್ಯಾಡ್ ಎಂಬ ಆರಂಭದ ಜಾಗದಿಂದ ಎಸೆಯಲು ತೊಡಗಿ, ಡಿಸ್ಕ್ ಬಿದ್ದಲ್ಲಿಂದ ಮತ್ತೆ ಎಸೆಯುತ್ತ, ಸರಪಳಿಗಳು ತೂಗುವ ಕಬ್ಬಿಣದ ಬಾಸ್ಕೆಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಅದನ್ನು ತಲುಪಿಸಬೇಕು. ಒಂದು ಟೀಯಿಂದ ಅದರ ಬಾಸ್ಕೆಟ್ಟಿನವರೆಗಿನ ಭಾಗವೇ ಒಂದು ಹೋಲ್. ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ 1975ರಲ್ಲಿ ಮೊದಲ ಶಾಶ್ವತ ಕೋರ್ಸನ್ನು ನಿರ್ಮಿಸಿದವರೂ, ಸರಪಳಿಯ ಬಾಸ್ಕೆಟ್ಟನ್ನು ರೂಪಿಸಿದವರೂ, 1976ರಲ್ಲಿ ಪಿಡಿಜಿಎ ಎಂಬ ಆಟಗಾರರ ಸಂಘವನ್ನು ಸ್ಥಾಪಿಸಿದವರೂ ಎಡ್ ಹೆಡ್ರಿಕ್. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ, ಅದರಲ್ಲೂ ಷಾರ್ಲೆಟ್, ರಾಲಿ, ಬಾಸ್ಟನ್ ಸುತ್ತಮುತ್ತ ಇರುವವರಿಗೆ, ಈ ಆಟದ ಕೋರ್ಸುಗಳು ಮನೆಯಿಂದ ದೂರವಿಲ್ಲ. ನಗರಪಾಲಿಕೆಯ ಪಾರ್ಕುಗಳಲ್ಲಿರುವ ಹೆಚ್ಚಿನವುಗಳಿಗೆ ಶುಲ್ಕವೂ ಇಲ್ಲ. ಪೂರ್ವ ಅಮೆರಿಕದಲ್ಲಿ ಹಾಗೆ ಸಿಗುವ ಕೋರ್ಸುಗಳಲ್ಲಿ ಬಹಳಷ್ಟು ಕಾಡಿನವೇ ಆಗಿರುತ್ತವೆ.

ಟೀ ಪ್ಯಾಡಿನ ಮೇಲೆ ನಿಂತು

ಜೆಫರ್ಸನ್‌ವಿಲ್‌ನ ಸ್ಮಗ್ಲರ್ಸ್ ನಾಚ್ ಎಂಬ ಸ್ಕೀ ತಾಣದಲ್ಲಿ ಎರಡು ಕೋರ್ಸುಗಳಿವೆ. ಫಾಕ್ಸ್ ರನ್ ಮೆಡೋಸ್ ಹೆಚ್ಚು ತೆರೆದದ್ದು; ಬ್ರೂಸ್ಟರ್ ರಿಜ್ ಬೆಟ್ಟದ ಕಾಡಿನ ನಡುವೆ ಏರಿಳಿಯುವಂಥದ್ದು. ವಿಶ್ವ ಚಾಂಪಿಯನ್‌ಷಿಪ್‌ನಂಥ ಸ್ಪರ್ಧೆಗೆ ಎರಡನ್ನೂ ಬಳಸುವುದಕ್ಕೆ ಕಾರಣವಿದೆ: ಒಂದೇ ಬಗೆಯ ಎಸೆತವನ್ನು ನೆಚ್ಚಿಕೊಂಡವರು ಎರಡರಲ್ಲೂ ನಿಭಾಯಿಸಲಾರರು. ವೈವಿಧ್ಯವಿರುವ ಕಾಡಿನ ಕೋರ್ಸಿನಲ್ಲಿ ಒಂದು ಹೋಲ್ ನೆಟ್ಟಗಿನ ಸುರಂಗದಂತಿದ್ದರೆ, ಮುಂದಿನದು ಎಡಕ್ಕೆ ತಿರುಗುತ್ತದೆ, ಅದರ ಮುಂದಿನದು ಇಳಿಜಾರಿನಲ್ಲಿ ಬಲಕ್ಕೆ ಹೊರಳುತ್ತದೆ. ಆದ್ದರಿಂದ ಟೀ ಪ್ಯಾಡಿಗೆ ಬಂದ ಕೂಡಲೇ ಕೈಗೆ ಸಿಕ್ಕ ಡ್ರೈವರ್, ಎಂದರೆ ದೂರದ ಎಸೆತದ ಡಿಸ್ಕ್, ತೆಗೆಯುವ ಅಭ್ಯಾಸವನ್ನು ಮೊದಲು ಬಿಡಬೇಕು.

ಟೀ ಬಳಿಯ ಫಲಕದಲ್ಲಿ ಹೋಲ್‌ನ ಉದ್ದ, ಪಾರ್ (ಅದಕ್ಕೆ ನಿಗದಿಯಾದ ಎಸೆತಗಳ ಸಂಖ್ಯೆ), ಫೇರ್‌ವೇಯ (ಎಸೆಯುವ ದಾರಿಯ) ಆಕಾರ, ಹೊರಗಡಿ (ಆಟದ ಎಲ್ಲೆ) ಮತ್ತು ಕಡ್ಡಾಯವಾಗಿ ಹಾದುಹೋಗಬೇಕಾದ ಬದಿಯನ್ನು ತೋರಿಸುವ ಬಾಣ ಇರುತ್ತವೆ. ಅಮೆರಿಕದಲ್ಲಿ ಉದ್ದವನ್ನು ಅಡಿಗಳಲ್ಲಿ ಬರೆಯುತ್ತಾರೆ. 300 ಅಡಿ ಎಂದರೆ ಸುಮಾರು 91 ಮೀಟರ್. ಬಾಣ ಹೇಳಿದ ಬದಿಯನ್ನು ತಪ್ಪಿಸಿದರೆ ಒಂದು ಎಸೆತದ ದಂಡ. ಫಲಕ ಇಷ್ಟನ್ನು ಹೇಳುತ್ತದೆ. ಕೊಂಬೆಗಳ ಎತ್ತರವನ್ನು, ಮೊದಲ ಸಂದಿಯ ಅಗಲವನ್ನು, ಎಡ ಬಲಗಳಲ್ಲಿ ಯಾವ ಬದಿ ಹೆಚ್ಚು ದಟ್ಟ ಎಂಬುದನ್ನು ಹೇಳುವುದಿಲ್ಲ. ಅದನ್ನು ನಿಮ್ಮ ಕಣ್ಣೇ ನೋಡಬೇಕು. ಮೊದಲ ಸಲ ಆಡುವ ಕೋರ್ಸಾದರೆ, ಹಿಂದೆ ಯಾರೂ ಕಾಯುತ್ತಿಲ್ಲವೆಂದು ಖಚಿತಪಡಿಸಿಕೊಂಡು, ತಿರುವಿನವರೆಗೆ ನಡೆದು ನೋಡಿ ಬರುವುದರಲ್ಲಿ ಸಂಕೋಚ ಬೇಡ. ಹೋಲ್ ಮುಗಿಸಿದ ಮೇಲೆ ಬಾಸ್ಕೆಟ್ ಬಳಿ ನಿಂತು ಟೀ ಕಡೆಗೆ ಹಿಂತಿರುಗಿ ನೋಡುವುದೂ ಒಳ್ಳೆಯದು. ಟೀಯಿಂದ ಕಾಣದ ಅಗಲವಾದ ದಾರಿ ಅಲ್ಲಿಂದ ಎಷ್ಟೋ ಸಲ ಕಾಣುತ್ತದೆ.

ಟೀ ಪ್ಯಾಡುಗಳಿಗೆ ಕೆಂಪು, ಬಿಳಿ, ನೀಲಿ, ಚಿನ್ನದ ಬಣ್ಣಗಳಿದ್ದರೆ ಅವು ಕ್ರಮವಾಗಿ ಕಷ್ಟ ಹೆಚ್ಚುತ್ತ ಹೋಗುವ ಮಟ್ಟಗಳು. ಹೊಸಬರು ಕೆಂಪಿನಿಂದ ಆಡುವುದು ಅವಮಾನವೇನಲ್ಲ. ಚಿನ್ನದ ಟೀಯಿಂದ ನೋಡಿದರೆ ಕೋರ್ಸ್ ವಿನ್ಯಾಸಗಾರ ಇಟ್ಟಿರುವ ಸಂದಿಗಳು ಕೆಲವೊಮ್ಮೆ 80 ಮೀಟರ್ ಆಚೆ ಇರುತ್ತವೆ. ಅಷ್ಟು ದೂರ ನೆಟ್ಟಗೆ ಎಸೆಯಲಾಗದವರಿಗೆ ಅಲ್ಲಿಂದ ಆಡುವುದರಲ್ಲಿ ಕಲಿಕೆಯೂ ಇಲ್ಲ, ಸಂತೋಷವೂ ಇಲ್ಲ.

ಸಂದಿಯ ಲೆಕ್ಕ

ಕಾಡಿನ ಆಟ ಬಯಲಿನ ಆಟಕ್ಕಿಂತ ಎಷ್ಟು ಬೇರೆ ಎಂಬುದನ್ನು ಸಣ್ಣ ಲೆಕ್ಕವೊಂದು ತೋರಿಸುತ್ತದೆ. ಟೀಯಿಂದ 20 ಮೀಟರ್ ದೂರದಲ್ಲಿ ಎರಡು ಮರಗಳ ನಡುವೆ 3 ಮೀಟರ್ ಅಗಲದ ಸಂದಿಯಿದೆ ಎಂದುಕೊಳ್ಳಿ. ಡಿಸ್ಕಿನ ಅಗಲ ಸುಮಾರು 21 ಸೆಂಟಿಮೀಟರ್. ಅದನ್ನು ಕಳೆದರೆ ನಟ್ಟನಡುವಿನಿಂದ ಎರಡೂ ಬದಿಗೆ ಉಳಿಯುವ ಅವಕಾಶ 1.4 ಮೀಟರ್, ಕೋನದಲ್ಲಿ ಹೇಳಿದರೆ ಎಡಕ್ಕೆ 4 ಡಿಗ್ರಿ, ಬಲಕ್ಕೆ 4 ಡಿಗ್ರಿ. ಬಯಲಿನಲ್ಲಿ 60 ಮೀಟರ್ ದೂರದ ಬಾಸ್ಕೆಟ್ಟಿಗೆ ಎಸೆಯುವಾಗ ಇದೇ 4 ಡಿಗ್ರಿ ತಪ್ಪಿದರೆ ಡಿಸ್ಕ್ ನಾಲ್ಕು ಮೀಟರ್ ಆಚೆ ಬೀಳುತ್ತದೆ, ನೀವು ಅಲ್ಲಿಂದ ಪಟ್ ಮಾಡಿ, ಎಂದರೆ ಹತ್ತಿರದಿಂದ ಬಾಸ್ಕೆಟ್ಟಿಗೆ ಹಾಕಿ, ಮುಗಿಸುತ್ತೀರಿ, ತಪ್ಪು ನಡೆದದ್ದು ನಿಮ್ಮ ಗಮನಕ್ಕೂ ಬರುವುದಿಲ್ಲ. ಕಾಡಿನಲ್ಲಿ ಅದೇ ತಪ್ಪು ಮರದ ಕಾಂಡಕ್ಕೆ ಬಡಿದು, ಟೀಯಿಂದ ಇಪ್ಪತ್ತೇ ಮೀಟರಿನಲ್ಲಿ ಡಿಸ್ಕ್ ಪೊದೆಯೊಳಗೆ ಕೂತಿರುತ್ತದೆ.

ಹೀಗಾಗಿ ಪೂರ್ತಿ ಬಲ ಹಾಕುವುದನ್ನು ನಿಲ್ಲಿಸಬೇಕು. ಓಡಿ ಬಂದು ಎಸೆದಷ್ಟೂ ಡಿಸ್ಕ್ ಬಿಡುವ ಕ್ಷಣ ತುಸು ಮುಂಚೆಯೋ ತುಸು ತಡವಾಗಿಯೋ ಆಗುತ್ತದೆ, ಕೋನ ತಪ್ಪುವುದು ಅಲ್ಲಿಯೇ. ಬ್ಯಾಕ್‌ಹ್ಯಾಂಡ್, ಎಂದರೆ ಕೈಯನ್ನು ಎದೆಗೆ ಅಡ್ಡಲಾಗಿ ತಂದು, ಎಸೆಯುವ ಬಲಗೈಯವರು ಬೇಗ ಬಿಟ್ಟರೆ ಡಿಸ್ಕ್ ಎಡಕ್ಕೂ ತಡವಾಗಿ ಬಿಟ್ಟರೆ ಬಲಕ್ಕೂ ಹೋಗುತ್ತದೆ. ಮೂರು ಹೆಜ್ಜೆಯ ಓಟವನ್ನು ಒಂದು ಹೆಜ್ಜೆಗೆ ಇಳಿಸಿ, ಅಥವಾ ನಿಂತಲ್ಲಿಂದಲೇ ಎಸೆದು ನೋಡಿ. ಕಳೆದುಕೊಳ್ಳುವ ದೂರ ನೀವು ಭಾವಿಸಿದಷ್ಟು ಇರುವುದಿಲ್ಲ, ಸಂದಿಯಲ್ಲಿ ತೂರುವ ಎಸೆತಗಳು ಮಾತ್ರ ಸ್ಪಷ್ಟವಾಗಿ ಹೆಚ್ಚುತ್ತವೆ.

ಗುರಿಯನ್ನು ಬಾಸ್ಕೆಟ್ ಮೇಲಿಡಬಾರದು. ಮೊದಲ ಸಂದಿಯ ಹಿಂದೆ, ಅದರ ನಡುವಿಗೆ ನೇರವಾಗಿ ಕಾಣುವ ಒಂದು ಗುರುತನ್ನು, ದೂರದ ಬಿಳಿ ಬರ್ಚ್ ಕಾಂಡವನ್ನೋ ಎಲೆಗಳ ನಡುವಿನ ಬೆಳಕಿನ ಚುಕ್ಕೆಯನ್ನೋ, ಆರಿಸಿಕೊಂಡು ಅದಕ್ಕೇ ಎಸೆಯಬೇಕು. ಗುರುತಿಗೆ ಎತ್ತರವೂ ಇರಲಿ: ಸಂದಿಯಲ್ಲಿ ಡಿಸ್ಕ್ ಎದೆಯ ಮಟ್ಟದಲ್ಲಿ ಸಾಗಬೇಕೋ, ತಲೆಯ ಮೇಲಿನಿಂದ ಸಾಗಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಹೊಸಬರ ಡಿಸ್ಕುಗಳು ಅಕ್ಕಪಕ್ಕದ ಮರಗಳಿಗೆ ಬಡಿದಷ್ಟೇ ಮೇಲಿನ ಕೊಂಬೆಗಳಿಗೂ ಬಡಿಯುತ್ತವೆ, ಏಕೆಂದರೆ ಡಿಸ್ಕಿನ ಮುಂಭಾಗ ತುಸು ಮೇಲೆದ್ದಂತೆ ಬಿಟ್ಟರೆ ಅದು ಏರುತ್ತ ಹೋಗಿ, ವೇಗ ಕಳೆದುಕೊಂಡು ಪಕ್ಕಕ್ಕೆ ಜಾರುತ್ತದೆ. ಕೊಂಬೆಗಳು ತಗ್ಗಿದ್ದ ಕಡೆ ಮಂಡಿ ಬಗ್ಗಿಸಿ, ಸೊಂಟಕ್ಕಿಂತ ಕೆಳಗಿನಿಂದ, ಮುಂಭಾಗವನ್ನು ತಗ್ಗಿಸಿಯೇ ಎಸೆಯಿರಿ.

ಟೀ ಪ್ಯಾಡಿನ ಅಗಲವನ್ನೂ ಬಳಸಿಕೊಳ್ಳಬೇಕು. ಅಭ್ಯಾಸಬಲದಿಂದ ಎಲ್ಲರೂ ನಡುವಿನಲ್ಲಿಯೇ ನಿಲ್ಲುತ್ತಾರೆ. ಐದಾರು ಮೀಟರ್ ಮುಂದಿರುವ ಮರವೊಂದು ದಾರಿಗೆ ಅಡ್ಡವಿದ್ದಾಗ, ಪ್ಯಾಡಿನ ಒಂದು ಅಂಚಿಗೆ ಸರಿದು ನಿಂತರೆ ಅದು ನೋಟದಿಂದಲೇ ಬದಿಗೆ ಸರಿದು, ಹಿಂದಿನ ಸಂದಿ ಪೂರ್ತಿ ತೆರೆದುಕೊಳ್ಳುತ್ತದೆ.

ಚೀಲದಲ್ಲಿ ಯಾವ ಡಿಸ್ಕ್

ಡಿಸ್ಕುಗಳ ಮೇಲೆ ನಾಲ್ಕು ಅಂಕಿಗಳು ಅಚ್ಚಾಗಿರುವುದನ್ನು ನೋಡಿರುತ್ತೀರಿ: ವೇಗ, ತೇಲುವ ಗುಣ, ವೇಗದಲ್ಲಿರುವಾಗ ಹೊರಳುವ ಪ್ರಮಾಣ, ವೇಗ ಕುಗ್ಗಿದಾಗ ಬಾಗುವ ಪ್ರಮಾಣ. ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದಾಗ ಡಿಸ್ಕ್ ಮೊದಲು ಬಲಕ್ಕೆ ಹೊರಳಲು ನೋಡಿ, ಕೊನೆಯಲ್ಲಿ ಎಡಕ್ಕೆ ಬಾಗುತ್ತದೆ. ಫೋರ್‌ಹ್ಯಾಂಡ್, ಎಂದರೆ ಎಸೆಯುವ ಕೈಯ ಬದಿಯಿಂದಲೇ, ಎಸೆದರೆ ಇದು ಅದಲು ಬದಲು. ಕಾಡಿಗೆ ಬೇಕಾದದ್ದು ಕೊನೆಯ ಅಂಕಿ ಚಿಕ್ಕದಾಗಿರುವ, ವೇಗದ ಅಂಕಿಯೂ ಚಿಕ್ಕದಾಗಿರುವ ಡಿಸ್ಕ್. ಬಜ್‌ನಂಥ ಮಿಡ್‌ರೇಂಜ್, ಎಂದರೆ ನಡುದೂರದ ಡಿಸ್ಕಿನ ವೇಗ 5, ಕೊನೆಯ ಬಾಗು 1. ಡೆಸ್ಟ್ರಾಯರ್‌ನಂಥ ಡಿಸ್ಟೆನ್ಸ್ ಡ್ರೈವರಿನ ವೇಗ 12, ಬಾಗು 3. ತಕ್ಕ ವೇಗ ಕೊಡಲಾಗದ ತೋಳಿನಿಂದ ಹೊರಟ ಡೆಸ್ಟ್ರಾಯರ್ ಸಂದಿಯನ್ನು ದಾಟುವ ಮೊದಲೇ ಎಡಕ್ಕೆ ಇಳಿಯತೊಡಗುತ್ತದೆ. ಮರಕ್ಕೆ ಬಡಿದಾಗಲೂ ವ್ಯತ್ಯಾಸವಿದೆ: ನಿಧಾನವಾದ ಡಿಸ್ಕ್ ಬಡಿದಲ್ಲೇ ಹೆಚ್ಚುಕಡಿಮೆ ಬೀಳುತ್ತದೆ, ವೇಗದ ಡ್ರೈವರ್ ಇನ್ನೂ ಹತ್ತು ಹದಿನೈದು ಮೀಟರ್ ಕಾಡೊಳಗೆ ಸಿಡಿಯುತ್ತದೆ.

ನನ್ನ ಅಭಿಪ್ರಾಯದಲ್ಲಿ ಕಾಡಿನ ಚೀಲಕ್ಕೆ ಐದು ಡಿಸ್ಕ್ ಧಾರಾಳವಾಗಿ ಸಾಕು. ಎರಡು ಒಂದೇ ಬಗೆಯ ಪಟರ್ (ಹತ್ತಿರದ ಎಸೆತದ ನಿಧಾನವಾದ ಡಿಸ್ಕ್), ಒಂದು ಎಸೆಯುವುದಕ್ಕೆ ಮತ್ತು ಒಂದು ಬಾಸ್ಕೆಟ್ಟಿಗೆ. ನೆಟ್ಟಗೆ ಹೋಗುವ ಒಂದು ಮಿಡ್‌ರೇಂಜ್. ಲೆಪರ್ಡ್‌ನಂಥ, ಹೊರಳಲು ಸಿದ್ಧವಾಗಿರುವ ಒಂದು ಫೇರ್‌ವೇ ಡ್ರೈವರ್. ಮತ್ತು ಫೈರ್‌ಬರ್ಡ್‌ನಂಥ, ಎಂಥ ಬಲಕ್ಕೂ ಜಗ್ಗದೆ ಕೊನೆಯಲ್ಲಿ ಬಲವಾಗಿ ಬಾಗುವ ಒಂದು ಡಿಸ್ಕ್; ತೀಕ್ಷ್ಣ ತಿರುವುಗಳಿಗೂ ಸಂಕಟದಲ್ಲಿ ಫೋರ್‌ಹ್ಯಾಂಡ್ ಎಸೆಯುವುದಕ್ಕೂ ಅದೇ ಬೇಕು. ಟೀಯಿಂದ ಪಟರ್ ಎಸೆಯುವುದನ್ನು ನೋಡಿ ನಗುವವರಿಗೆ ಒಂದು ಸಂಗತಿ ನೆನಪಿಸಬಹುದು: 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಯೂಟಾದ ಆಗ್ಡನ್‌ನಲ್ಲಿ, ಕೊನೆಯ ಹೋಲ್‌ನಲ್ಲಿ ಜೇಮ್ಸ್ ಕಾನ್ರಾಡ್ 247 ಅಡಿ, ಎಂದರೆ ಸುಮಾರು 75 ಮೀಟರ್ ದೂರದಿಂದ ಬಾಸ್ಕೆಟ್ಟಿಗೆ ನೇರವಾಗಿ ಹಾಕಿ, ಪಾಲ್ ಮೆಕ್‌ಬೆತ್ ಜೊತೆ ಸಮನಾಗಿ, ಪ್ಲೇಆಫ್‌ನಲ್ಲಿ ಗೆದ್ದರು. ಆ ಎಸೆತಕ್ಕೆ ಅವರು ಬಳಸಿದ್ದು ಪಟರ್.

ಲೆಪರ್ಡಿನ ಬಳಕೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಉದ್ದನೆಯ ಸುರಂಗದಂಥ ಫೇರ್‌ವೇಗಳಿಗೆ ಇದಕ್ಕಿಂತ ಉತ್ತಮ ಉಪಾಯವಿಲ್ಲ. ಡಿಸ್ಕಿನ ಹೊರ ಅಂಚನ್ನು, ಎಂದರೆ ನಿಮ್ಮ ದೇಹದಿಂದ ದೂರವಿರುವ ಅಂಚನ್ನು, ಸ್ವಲ್ಪ ಕೆಳಕ್ಕೆ ಓರೆ ಮಾಡಿ ಎಸೆಯುವುದಕ್ಕೆ ಹೈಜರ್ ಎನ್ನುತ್ತಾರೆ. ಹೊರಳುವ ಗುಣದ ಡಿಸ್ಕನ್ನು ಹಾಗೆ ಓರೆಯಾಗಿ ಬಿಟ್ಟರೆ, ಅದು ವೇಗದಲ್ಲಿರುವಾಗ ಮೆಲ್ಲನೆ ಮಟ್ಟಕ್ಕೆ ಬಂದು, ನೆಟ್ಟಗೆ ಬಹಳ ದೂರ ತೇಲಿ, ಕೊನೆಯಲ್ಲಿ ಅಲ್ಪವೇ ಬಾಗುತ್ತದೆ. ಓರೆ ಹೆಚ್ಚಾದರೆ ಮಟ್ಟಕ್ಕೆ ಬರುವುದೇ ಇಲ್ಲ, ಕಡಿಮೆಯಾದರೆ ಬಲಕ್ಕೆ ಹೊರಳಿ ಕಾಡು ಸೇರುತ್ತದೆ. ಗಡಿಯಾರದ ಮುಳ್ಳು ಒಂಬತ್ತರಿಂದ ಎಂಟರ ಕಡೆಗೆ ಅರ್ಧದಷ್ಟು ಸರಿದ ಕೋನದಿಂದ ತೊಡಗಿ, ನಿಮ್ಮ ತೋಳಿನ ಬಲಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಬಲಕ್ಕೆ ತಿರುಗುವ ಹೋಲ್‌ಗಳಲ್ಲಿ ಬಲಗೈ ಆಟಗಾರರಿಗೆ ಎರಡು ದಾರಿಗಳಿವೆ: ಡಿಸ್ಕನ್ನು ಎದುರು ಬದಿಗೆ ಓರೆ ಮಾಡಿ ಬ್ಯಾಕ್‌ಹ್ಯಾಂಡ್ ಎಸೆಯುವುದು, ಅಥವಾ ಫೋರ್‌ಹ್ಯಾಂಡ್. ತಿರುವು ನಿಧಾನವಾಗಿದ್ದರೆ ಮೊದಲನೆಯದು, ಕೊನೆಯಲ್ಲಿ ಥಟ್ಟನೆ ತಿರುಗಬೇಕಿದ್ದರೆ ಎರಡನೆಯದು.

ಕಾಡೊಳಗೆ ಸಿಕ್ಕಿಕೊಂಡಾಗ

ಎಷ್ಟೇ ಎಚ್ಚರವಿದ್ದರೂ ಡಿಸ್ಕ್ ಮರಗಳ ಹಿಂದೆ ಹೋಗಿ ಬೀಳುವುದು ತಪ್ಪದು, ಸ್ಕೋರು ನಿಜವಾಗಿ ಹಾಳಾಗುವುದೂ ಆಗಲೇ. ಮೊದಲ ತಪ್ಪಿಗಿಂತ ಅದನ್ನು ಒಂದೇ ಎಸೆತದಲ್ಲಿ ಸರಿಪಡಿಸಲು ಹೊರಡುವ ಎರಡನೆಯ ತಪ್ಪು ದುಬಾರಿ.

180 ಮೀಟರ್ ಉದ್ದದ ಪಾರ್ 4 ಹೋಲ್ ಒಂದನ್ನು ತೆಗೆದುಕೊಳ್ಳೋಣ. ನಿಮ್ಮ ಮೊದಲ ಎಸೆತ 30 ಮೀಟರಿನಲ್ಲೇ ಮರಕ್ಕೆ ಬಡಿದು ಪೊದೆಗಳ ನಡುವೆ ಬಿದ್ದಿದೆ. ಪಕ್ಕದ ಫೇರ್‌ವೇಗೆ ಸುಮ್ಮನೆ ಹೊರಹಾಕಿದರೆ ಅದು ಎರಡನೆಯ ಎಸೆತ. ಮೂರು ಮತ್ತು ನಾಲ್ಕರಲ್ಲಿ ಬಾಸ್ಕೆಟ್ ಬಳಿ ಬಂದು, ಐದರಲ್ಲಿ ಮುಗಿಸುತ್ತೀರಿ. ಹಾಗಲ್ಲದೆ ಎದುರಿನ ಕಿರಿದಾದ ಸಂದಿಯಲ್ಲಿ ತೂರಿಸಲು ನೋಡಿ ಅದು ಸಾಗಿದರೆ ನಾಲ್ಕರಲ್ಲಿ ಮುಗಿಯುತ್ತದೆ, ಸಾಗದಿದ್ದರೆ ಇನ್ನೂ ಕಾಡಿನಲ್ಲೇ ಇದ್ದು ಆರಾಗುತ್ತದೆ. ಆ ಸಂದಿ ಐದರಲ್ಲಿ ಒಂದು ಸಲ ಸಾಗುವಂಥದ್ದಾದರೆ ಸರಾಸರಿ 5.6 ಎಸೆತ, ಎಂದರೆ ಸುಮ್ಮನೆ ಹೊರಹಾಕುವುದಕ್ಕಿಂತ ಕೆಟ್ಟದ್ದು. ಎರಡರಲ್ಲಿ ಒಂದು ಸಲಕ್ಕಿಂತ ಹೆಚ್ಚು ಸಾಗುತ್ತದೆ ಎನ್ನುವ ಭರವಸೆ ಇದ್ದರೆ ಮಾತ್ರ ಆ ಸಾಹಸಕ್ಕೆ ಅರ್ಥವಿದೆ, ಮತ್ತು ಆ ಭರವಸೆಯನ್ನು ನಾವು ಸಾಮಾನ್ಯವಾಗಿ ಉಬ್ಬಿಸಿಯೇ ಅಂದಾಜು ಮಾಡುತ್ತೇವೆ.

ಹೊರಹಾಕುವ ಎಸೆತಕ್ಕೂ ಕಲಿಕೆ ಬೇಕು. ಹಿಂದಕ್ಕೆ ಕೈ ಬೀಸಲು ಜಾಗವಿಲ್ಲದ ಕಡೆ ಮಣಿಕಟ್ಟಿನ ಫೋರ್‌ಹ್ಯಾಂಡ್ ಕೈ ಹಿಡಿಯುತ್ತದೆ. ಕೊಂಬೆಗಳು ತೀರ ಕೆಳಗಿದ್ದರೆ ಒಂದು ಮಂಡಿಯೂರಿ ಎಸೆಯಬಹುದು. ಎಲೆಗಳ ಕೆಳಗೆ ನೆಲ ತೆರವಾಗಿದ್ದರೆ ಡಿಸ್ಕನ್ನು ಅಂಚಿನ ಮೇಲೆ ಉರುಳಿಸುವುದೂ ಒಳ್ಳೆಯದೇ. ಮೇಲೆ ಆಕಾಶ ಕಾಣುತ್ತಿದ್ದರೆ ತಲೆಯ ಮೇಲಿನಿಂದ ಲಂಬವಾಗಿ ಎಸೆಯುವ ಟೊಮಾಹಾಕ್, ಥಂಬರ್‌ಗಳು ಮರಗಳ ಮೇಲೆಯೇ ದಾಟಿಸುತ್ತವೆ. ಭುಜದ ಬಗ್ಗೆ ಕಾಳಜಿಯಿರುವವರು ಅವನ್ನು ಮಿತವಾಗಿ ಬಳಸುವುದು ಲೇಸು.

ನಿಯಮಗಳ ಬಗ್ಗೆ ಇಲ್ಲಿ ಕಟ್ಟುನಿಟ್ಟಾಗಿರಬೇಕು. ಡಿಸ್ಕ್ ಬಿದ್ದ ಜಾಗವನ್ನು ಪುಟ್ಟ ಮಾರ್ಕರ್ ಡಿಸ್ಕಿನಿಂದ ಗುರುತಿಸಬಹುದು. ಎಸೆಯುವ ಕ್ಷಣದಲ್ಲಿ ಗುರುತಿನ ಹಿಂದಿರುವ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಜಾಗದಲ್ಲಿ ನಿಮ್ಮ ದೇಹದ ಒಂದು ಆಧಾರವಾದರೂ ಇರಬೇಕು, ಯಾವ ಆಧಾರವೂ ಗುರುತಿಗಿಂತ ಬಾಸ್ಕೆಟ್ಟಿಗೆ ಹತ್ತಿರವಿರಬಾರದು. ಒಂದು ಕಾಲು ಅಲ್ಲಿಟ್ಟು, ಇನ್ನೊಂದನ್ನು ಪಕ್ಕಕ್ಕೆ ಅಗಲವಾಗಿ ಚಾಚಿದರೆ ಮರದ ಹಿಂದಿನಿಂದ ಒಂದು ಮೀಟರಿನಷ್ಟು ಹೊರಬಂದು ಎಸೆಯಲು ಸಾಧ್ಯ; ಕಾಡಿನಲ್ಲಿ ಆಡುವವರು ಮನೆಯಲ್ಲೇ ಅಭ್ಯಾಸ ಮಾಡಬಹುದಾದ ನಿಲುವಿದು. ನೀವು ನಿಲ್ಲುವಲ್ಲಿ ಬಿದ್ದಿರುವ ಕಲ್ಲು, ತರಗೆಲೆ, ಮುರಿದ ಕಡ್ಡಿಗಳನ್ನು ಸರಿಸಬಹುದು. ಬೆಳೆಯುತ್ತಿರುವ ಗಿಡದ ಕೊಂಬೆಯನ್ನು ಬಗ್ಗಿಸಿ ಹಿಡಿಯುವಂತಿಲ್ಲ, ಮುರಿಯುವುದಂತೂ ಸಲ್ಲದು. ಕೊಂಬೆಗಳನ್ನು ಆದಷ್ಟು ಕಡಿಮೆ ಅಲುಗಿಸುವ ನಿಲುವನ್ನೇ ಆರಿಸಿಕೊಳ್ಳಬೇಕು. ಕೈ ಬೀಸುವಾಗ ಎಲೆ ಕೊಂಬೆಗಳು ತಾಗಿದರೆ ತಪ್ಪಿಲ್ಲ. ಮುಳ್ಳುಪೊದೆಯಲ್ಲಿ ನಿಲ್ಲಲು ಮನಸ್ಸಿಲ್ಲದಿದ್ದರೆ, ಜೊತೆಯವರಿಗೆ ಹೇಳಿ, ಬಾಸ್ಕೆಟ್‌ನಿಂದ ನಿಮ್ಮ ಜಾಗಕ್ಕೆ ಎಳೆದ ಗೆರೆಯ ಮೇಲೆ ಎಷ್ಟು ಬೇಕೋ ಅಷ್ಟು ಹಿಂದಕ್ಕೆ ಹೋಗಬಹುದು. ಅದಕ್ಕೆ ಒಂದು ಎಸೆತದ ದಂಡ. ಡಿಸ್ಕ್ ಮರದ ಮೇಲೆ ಸಿಕ್ಕಿಕೊಂಡರೆ, ಅದರ ನೇರ ಕೆಳಗಿನ ನೆಲವೇ ನಿಮ್ಮ ಜಾಗ.

ಕಳೆದುಹೋದ ಡಿಸ್ಕಿಗೆ ಮೂರು ನಿಮಿಷ ಹುಡುಕಾಟ. ಸಿಗದಿದ್ದರೆ ಒಂದು ದಂಡದೊಂದಿಗೆ ಹಿಂದಿನ ಜಾಗದಿಂದ ಮತ್ತೆ ಎಸೆಯಬೇಕು. ಹುಡುಕಾಟ ತಪ್ಪಿಸಲು ಒಬ್ಬರು ತಿರುವಿನ ಬಳಿ, ಮರದ ಮರೆಯಲ್ಲಿ ನಿಂತು ಡಿಸ್ಕ್ ಬೀಳುವುದನ್ನು ನೋಡುವುದು ವಾಡಿಕೆ. ಬಣ್ಣದ ಆಯ್ಕೆಯೂ ಮುಖ್ಯ: ವರ್ಮಾಂಟಿನ ಮೇಪಲ್ ಕಾಡು ಕೆಂಪಾಗುವ ಅಕ್ಟೋಬರ್ ಸುಮಾರಿಗೆ ಕೆಂಪು, ಕಿತ್ತಳೆ, ಹಳದಿ ಡಿಸ್ಕುಗಳು ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ, ಗಾಢ ಗುಲಾಬಿ ಅಥವಾ ತಿಳಿನೀಲಿ ಬಣ್ಣವೇ ವಾಸಿ. ಒಣಗಿದ ಎಲೆಗಳ ಅಡಿಗೆ ಡಿಸ್ಕ್ ಜಾರಿ ಹೋಗುತ್ತದೆ. ಅದನ್ನು ಬಿದ್ದಲ್ಲಿ ಹುಡುಕದೆ, ಅದು ಸಾಗುತ್ತಿದ್ದ ದಿಕ್ಕಿನಲ್ಲಿ ಎರಡು ಮೂರು ಮೀಟರ್ ಮುಂದೆ ಕಾಲಿನಿಂದ ಎಲೆ ಸರಿಸುತ್ತ ಹುಡುಕಿ.

ಏರು, ಇಳಿಜಾರು, ಬಾಸ್ಕೆಟ್

ಏರಿನ ಕಡೆಗೆ ಎಸೆದ ಡಿಸ್ಕ್ ಬೇಗ ವೇಗ ಕಳೆದುಕೊಂಡು ಬೇಗ ಬಾಗುತ್ತದೆ, ಆದ್ದರಿಂದ ಹೊರಳುವ ಗುಣ ಹೆಚ್ಚಿರುವುದನ್ನು ಆರಿಸಿ. ಇಳಿಜಾರಿನಲ್ಲಿ ಅದೇ ಡಿಸ್ಕ್ ಗಾಳಿಯಲ್ಲಿ ಹೆಚ್ಚು ಹೊತ್ತಿದ್ದು ಹೆಚ್ಚು ಹೊರಳುತ್ತದೆ, ಅಲ್ಲಿ ಬಾಗು ಹೆಚ್ಚಿರುವ ಪಟರ್ ಅಥವಾ ಮಿಡ್‌ರೇಂಜ್ ಸಾಕು. ಕಾಡಿನ ಒಳಗೆ ಗಾಳಿ ಅಷ್ಟಾಗಿ ತಾಗುವುದಿಲ್ಲ. ಮರಗಳ ಸಾಲು ಮುಗಿದು ಬಯಲು ತೆರೆಯುವಲ್ಲಿ ಮಾತ್ರ ಥಟ್ಟನೆ ತಾಗುತ್ತದೆ.

ಬಾಸ್ಕೆಟ್‌ನಿಂದ 10 ಮೀಟರ್ ಒಳಗಿದ್ದಾಗ ಪಟ್ ಮಾಡಿದ ಮೇಲೆ ಗುರುತಿನ ಹಿಂದೆಯೇ ಸಮತೋಲನ ತೋರಿಸಬೇಕು, ಮುಂದಕ್ಕೆ ಮುಗ್ಗರಿಸುವಂತಿಲ್ಲ. ಬಾಸ್ಕೆಟ್ ದಿಬ್ಬದ ಅಂಚಿನಲ್ಲಿದ್ದರೆ ತಪ್ಪಿದ ಪಟ್‌ನ ಡಿಸ್ಕ್ ತನ್ನ ಅಂಚಿನ ಮೇಲೆ ನಿಂತು ಕೆಳಗೆ ಉರುಳಿಹೋಗುವ ಅಪಾಯ ದೊಡ್ಡದು. ಅಂಥ ಕಡೆ ಎಂಟು ಮೀಟರ್‌ಗಿಂತ ದೂರವಿದ್ದರೆ ಸರಪಳಿಗೆ ಬಿರುಸಾಗಿ ಎಸೆಯದೆ, ಬಾಸ್ಕೆಟ್ಟಿನ ಬುಡದಲ್ಲಿ ಡಿಸ್ಕನ್ನು ಮಟ್ಟಸವಾಗಿ ಕೂರಿಸಿ ಮುಂದಿನ ಎಸೆತದಲ್ಲಿ ಮುಗಿಸುವುದನ್ನೇ ನಾನು ಶಿಫಾರಸು ಮಾಡುತ್ತೇನೆ.

ಕಾಡಿನ ಹಾದಿಗಳಲ್ಲಿ ನಡೆದಾಡುವವರೂ ಇರುತ್ತಾರೆ. ತಿರುವಿನ ಆಚೆ ಕಾಣದಿದ್ದರೆ ಒಮ್ಮೆ ಕೂಗಿ ಕೇಳಿಯೇ ಎಸೆಯಿರಿ, ಡಿಸ್ಕ್ ಯಾರ ಕಡೆಗಾದರೂ ಹೊರಳಿದರೆ ‘ಫೋರ್’ ಎಂದು ಗಟ್ಟಿಯಾಗಿ ಕೂಗಿ. ಪೂರ್ವ ಅಮೆರಿಕದ ಕಾಡುಗಳಲ್ಲಿ ಲೈಮ್ ಕಾಯಿಲೆ ಹರಡುವ ಉಣ್ಣೆಗಳಿವೆ. ಉದ್ದನೆಯ ಕಾಲುಚೀಲ ಹಾಕಿ, ಮನೆಗೆ ಬಂದೊಡನೆ ಮಂಡಿಯ ಹಿಂಭಾಗ, ಸೊಂಟ, ಕಂಕುಳನ್ನು ಪರೀಕ್ಷಿಸಿಕೊಳ್ಳಿ. ಮೂರು ಮೂರು ಎಲೆಗಳ ಪಾಯಿಸನ್ ಐವಿ ಗಿಡ ನಮ್ಮ ಗೇರಿನ ಕುಟುಂಬಕ್ಕೇ ಸೇರಿದ್ದು, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮಕ್ಕೆ ಏನಾಗುತ್ತದೆಂದು ಕರಾವಳಿಯವರಿಗೆ ಹೇಳಬೇಕಿಲ್ಲ. ಅದರ ಎಣ್ಣೆ ಡಿಸ್ಕಿಗೂ ಅಂಟಿಕೊಂಡು ಬರುವುದರಿಂದ, ಆ ಪೊದೆಯಿಂದ ತೆಗೆದ ಡಿಸ್ಕನ್ನು ಒರೆಸಿದ ಬಟ್ಟೆಯಿಂದ ಮುಖ ಒರೆಸಿಕೊಳ್ಳಬೇಡಿ, ಮನೆಯಲ್ಲಿ ಎರಡನ್ನೂ ಸೋಪಿನಿಂದ ತೊಳೆಯಿರಿ.

ಅಭ್ಯಾಸಕ್ಕೆ ಕಾಡಿಗೇ ಹೋಗಬೇಕೆಂದಿಲ್ಲ. ಪಾರ್ಕಿನಲ್ಲಿ 3 ಮೀಟರ್ ಅಂತರದ ಎರಡು ಮರಗಳನ್ನು ಹುಡುಕಿ, 10 ಮೀಟರ್ ದೂರದಿಂದ ಪಟರನ್ನು ಎಸೆಯಲು ತೊಡಗಿ. ಹತ್ತರಲ್ಲಿ ಎಂಟು ತೂರುವವರೆಗೆ ಅಲ್ಲಿಯೇ ಇದ್ದು, ಆಮೇಲೆ 15ಕ್ಕೆ, 20ಕ್ಕೆ ಹಿಂದೆ ಸರಿಯಿರಿ. 20 ಮೀಟರಿನಲ್ಲಿ ಇದು ಸಾಧ್ಯವಾದ ಮೇಲೆ ಮಿಡ್‌ರೇಂಜ್ ಹಿಡಿದು ಮತ್ತೆ 10 ಮೀಟರಿನಿಂದ ಆರಂಭಿಸಿ.